ರೊಕ್ಕ ಬಂತಲ್ಲ, ಮತ್ತೇನು?

ಸಿಮೆಂಟಿನ ಸುಣ್ಣಕಲ್ಲು ಗಣಿಗಳಿರುವ ಸೇಡಂ ಕಡೆಯ ಬಸ್ಸಿನಲ್ಲಿ ಈಗಷ್ಟೇ ಕಿವಿಗೆ ಬಿದ್ದ ಮಾತು: "ಹೊಲ ಗಣಿಗೆ ಹೋದ್ರೇನಾತ್ರಿ, ರೊಕ್ಕ ಬಂತಲ್ಲ!" ನನ್ನ ಪಿತ್ತ ನೆತ್ತಿಗೇರಲು ಇಷ್ಟು ಸಾಕು, ಬಲ್ಲವರು ಬಲ್ಲರು.

ರೊಕ್ಕ ಬನಾಬಾದವರಿಗೂ ಬಂದಿತ್ತು. ಪೆಸಿಫಿಕ್ ಸಾಗರದಲ್ಲಿ ಬರೀ 6 ಚದರ ಕಿಲೋಮೀಟರಿನ ದ್ವೀಪ. 1900ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬಾತ ಬಂದು, ಗೊಬ್ಬರಕ್ಕೆ ಬಳಸುವ ಫಾಸ್ಫೇಟು ಅಗೆಯಲು ತನ್ನ ಕಂಪನಿಗೆ ವರ್ಷಕ್ಕೆ 50 ಪೌಂಡಿನಂತೆ 999 ವರ್ಷಗಳ ಕರಾರು ಬರೆಸಿಕೊಂಡ. ಸಹಿ ಹಾಕಿಸಿಕೊಂಡದ್ದು ಈ ಎಲ್ಲಿಸನೇ 'ರಾಜ' ಅಂತ ಹೆಸರಿಟ್ಟ ಒಬ್ಬನಿಂದ. ಅಲ್ಲಿನ ಭೂಮಿಯೋ ಮನೆಮನೆಯವರ ಸ್ವಂತದ್ದು. ಗೌಡ ಸಹಿ ಹಾಕಿ ಊರವರೆಲ್ಲರ ಪಹಣಿ ಕೊಟ್ಟ ಹಾಗೆ!

ಫಾಸ್ಫೇಟು ಇದ್ದದ್ದು ಸುಣ್ಣಕಲ್ಲಿನ ಕಂಬಗಳ ಸಂದಿಯಲ್ಲಿ. ಅದನ್ನು ಅಗೆದು ತೆಗೆದರೆ ಉಳಿಯುವುದು ಚೂಪು ಕಂಬ, ನಡುವೆ ಆಳೆತ್ತರ ಮೀರಿದ ಹೊಂಡ. ತೆಂಗಿನ ಬೇರಿಗೆ ಹಿಡಿ ಮಣ್ಣಿಲ್ಲ. 1913ರ ಕರಾರಿನಲ್ಲಿ ಕಂಪನಿ, ಅಗೆದ ನೆಲದಲ್ಲಿ 'ಸಾಧ್ಯವಾದಾಗಲೆಲ್ಲ' ತೆಂಗು ಮತ್ತಿತರ ಮರ ನೆಡುತ್ತೇನೆಂದು ಬರೆದುಕೊಟ್ಟಿತ್ತು. ಮಣ್ಣನ್ನೇ ಹಡಗಿಗೆ ತುಂಬಿ ಕಳಿಸಿದ ಮೇಲೆ ಸಾಧ್ಯವಾಗುವುದು ಯಾವಾಗ? ನದಿಯಿಲ್ಲದ ದ್ವೀಪದಲ್ಲಿ ಬರಗಾಲದ ಆಸರೆಯೆಂದರೆ ಗವಿಯೊಳಗಿನ ನೀರು, ಅದನ್ನು ತರುವ ಹಕ್ಕು ಹೆಂಗಸರದು. ಗಣಿ ಆ ಗವಿಗಳನ್ನೂ ಬಿಡಲಿಲ್ಲ.

ಆ ರೊಕ್ಕ ಏನಾಯಿತು ಕೇಳಿ. ಗಣಿಯಿಂದ ಬಂದ ಅವರದೇ ರಾಯಧನದ ನಿಧಿಯಿಂದ ಬ್ರಿಟಿಷ್ ಸರ್ಕಾರ ಫಿಜಿಯ ರಾಂಬಿ ದ್ವೀಪ ಕೊಂಡು, ಮಹಾಯುದ್ಧದಲ್ಲಿ ಜಪಾನೀಯರು ಬೇರೆಡೆಗೆ ಸಾಗಿಸಿದ್ದ ಅವರನ್ನು ಯುದ್ಧ ಮುಗಿದ ಮೇಲೆ ಊರಿಗೆ ಕಳಿಸದೆ 1945ರ ಡಿಸೆಂಬರ್ 15ರಂದು ಅಲ್ಲಿಗೆ ತಂದಿಳಿಸಿತು. ಚಂಡಮಾರುತದ ಕಾಲ, ಇರಲು ಡೇರೆ. ಅಂದರೆ ತಮ್ಮ ಗಡೀಪಾರಿನ ಖರ್ಚು ತಾವೇ ಕೊಟ್ಟರು! ಇತ್ತ ಅಗೆತ 1979ರವರೆಗೂ ನಡೆಯಿತು. ಬನಾಬಾದವರು ಹೂಡಿದ ದಾವೆಯಲ್ಲಿ ಲಂಡನ್ ಕೋರ್ಟಿನಲ್ಲಿ 200ಕ್ಕೂ ಹೆಚ್ಚು ದಿನ ವಾದ ನಡೆದು, 1976ರಲ್ಲಿ ತೀರ್ಪು ಬಂತು: ಮರ ನೆಡುವ ಮಾತು ತಪ್ಪಿದ್ದು ನಿಜ, ಆದರೆ ರಾಯಧನದ ವಿಷಯದಲ್ಲಿ ಸರ್ಕಾರದ ಹೊಣೆ ಕೋರ್ಟು ಜಾರಿ ಮಾಡಿಸುವಂಥದ್ದಲ್ಲ.

"ಹಂಗಾರ ದೇಶಕ್ಕೆ ಸಿಮೆಂಟು ಬ್ಯಾಡೇನು?" ಬೇಕ್ರೀ. ನಾನು ಕೂತು ಬರೆಯುತ್ತಿರುವ ನೆಲವೂ ಶಹಾಬಾದ್ ಕಲ್ಲಿನದೇ, ಒಪ್ಪಿಕೊಂಡೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೂ ಗೊಬ್ಬರ ಬೇಕಿತ್ತು. ಆ ಬೇಡಿಕೆ ಬನಾಬಾದ ಹಿತ್ತಲಿಗೆ ಮಣ್ಣು ವಾಪಸ್ ತರಲಿಲ್ಲ.

ನಮ್ಮಲ್ಲಿ ಗಣಿ ತೋಡುವವರು ಮೊದಲು ತೆಗೆಯುವುದು ತೊಗರಿ ಬೆಳೆವ ಎರೆಮಣ್ಣು. ಅದನ್ನು ಬೇರೆಯಾಗಿ, ಎತ್ತರ ಮಾಡದೆ ಒಟ್ಟಿ, ಮೇಲೆ ಹುಲ್ಲೋ ಹುರುಳಿಯೋ ಬಿತ್ತಿ ಕಾಯಬೇಕು. ಅಗೆದು ಮುಗಿದ ಕಡೆ ಮೊದಲು ಕಲ್ಲಿನ ಕಸ ತುಂಬಿ, ಆಮೇಲೆ ಆ ಎರೆಮಣ್ಣನ್ನು ಹರಡಬೇಕು. ಆದರೆ ಎಲ್ಲವನ್ನೂ ಒಂದೇ ದಿಬ್ಬಕ್ಕೆ ಸುರಿದರೆ, ಮೊದಲು ತೆಗೆದ ಮಣ್ಣು ಅಡಿಗೆ ಬೀಳುತ್ತದೆ, ಚಕ್ಕೆಗಲ್ಲು ಮೇಲೇರುತ್ತದೆ. ತಿರುವಿ ತೆಗೆಯಲು ಮತ್ತೆ ಯಂತ್ರ, ಮತ್ತೆ ಡೀಸೆಲ್ಲು. ಯಾರು ಕೊಡ್ತಾರೆ? ಹೊಂಡಕ್ಕೆ ಮಳೆನೀರು ತುಂಬುತ್ತದೆ, ದಿಬ್ಬದ ಮೇಲೆ ಜಾಲಿ ಬೆಳೆಯುತ್ತದೆ.

ಬಸ್ಸಿನ ಕಿಟಕಿಯಿಂದ ಆ ಜಾಲಿಯೂ ಹಸಿರಾಗಿಯೇ ಕಾಣುತ್ತದೆ, ಬಿಡಿ.