ಪುಟ 17ರಲ್ಲಿ ‘ಇವನೇ’ ಎಂದು ಬರೆದವರಿಗೆ

ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳದಿದ್ದರೆ ಇಂದು ನಿದ್ದೆ ಬರುವುದಿಲ್ಲ.

ನನ್ನ ಪತ್ತೇದಾರಿ ಹುಚ್ಚು ನಿಮಗೆಲ್ಲ ಗೊತ್ತು. ನಿನ್ನೆ ಸೂಪರ್ ಮಾರ್ಕೆಟ್ ಕಡೆ ಹಳೆಯ ಪುಸ್ತಕಗಳ ರಾಶಿಯಲ್ಲಿ ನಾನು ಓದದೇ ಉಳಿದಿದ್ದ ಅಗಾಥಾ ಕ್ರಿಸ್ಟಿ ಕಾದಂಬರಿಯೊಂದು ಸಿಕ್ಕಿತು. 40 ರೂಪಾಯಿ. ಚೌಕಾಸಿ ಕೂಡ ಮಾಡಲಿಲ್ಲ. ಇಂದು ಮಧ್ಯಾಹ್ನ ಊಟ ಮುಗಿಸಿ, ಕೂಲರಿಗೆ ಎರಡು ಕೊಡ ನೀರು ಸುರಿದು, ಅದರ ಮುಂದೆ ಚಾಪೆ ಹಾಸಿಕೊಂಡು ಓದಲು ಕುಳಿತೆ. ಕಲಬುರಗಿಯ ಮೇ ತಿಂಗಳಿನಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಪುಟ 17 ತಿರುವಿದೆ. ಒಂದು ಹೆಸರಿನ ಸುತ್ತ ಬಾಲ್‌ಪೆನ್ನಿನ ಎರಡು ಸುತ್ತು, ಪಕ್ಕದಲ್ಲಿ ‘ಇವನೇ’. ಎಷ್ಟು ಒತ್ತಿ ಬರೆದಿದ್ದಾರೆಂದರೆ ಕೆಳಗಿನ ಎರಡು ಹಾಳೆಗಳ ಮೇಲೂ ಗೀರು ಮೂಡಿದೆ. ಕೊಲೆ ಇನ್ನೂ ನಡೆದೇ ಇಲ್ಲ!

ಈ ಅಧಿಕಾರ ನಿಮಗೆ ಯಾರು ಕೊಟ್ಟರು?

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಸ್ವತಃ ಪತ್ತೇದಾರಿ ಕಾದಂಬರಿಕಾರ, ಹತ್ತು ನಿಯಮ ಬರೆದಿಟ್ಟರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು ಎಂಬುದು ಅವುಗಳಲ್ಲೊಂದು. ಬರೆಯುವವರು ಓದುವವರೊಡನೆ ಇಷ್ಟು ಪ್ರಾಮಾಣಿಕವಾಗಿ ಆಡುವಾಗ ನಡುವೆ ಕೈ ಹಾಕಲು ನೀವು ಯಾರು? ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ ಲಂಡನ್ನಿನಲ್ಲಿ 1952ರಿಂದ, ಕೊರೊನಾ ಕಾಲ ಬಿಟ್ಟರೆ, ನಡೆಯುತ್ತಲೇ ಬಂದಿದೆ. ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಕೊನೆಯಲ್ಲಿ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಅಷ್ಟೇ ಮರ್ಯಾದೆ ಸಾಕು.

ಕೊಲೆಗಾರ ತಿಳಿದರೆ ಸತ್ತುಹೋಗುವ ಪುಸ್ತಕ ಎಂಥ ಪುಸ್ತಕ ಎಂದು ಕೆಲವು ಮಿತ್ರರು ಕೇಳುತ್ತಾರೆ. ಸಾಯುವುದಿಲ್ಲ ಸ್ವಾಮಿ. ಕ್ರಿಸ್ಟಿಯ ಮಿಸ್ ಮಾರ್ಪಲ್ ಕಥೆಗಳನ್ನು ನಾಲ್ಕು ನಾಲ್ಕು ಸಲ ಓದಿದ್ದೇನೆ. ಹೆಣಿಗೆ ಹಿಡಿದು ಕುಳಿತ ಮುದುಕಿ, ಹೊಸಬರ ನಡತೆಯಲ್ಲಿ ತನ್ನ ಹಳ್ಳಿಯ ಯಾರನ್ನೋ ಗುರುತಿಸಿ ಗುಟ್ಟು ಬಿಡಿಸುತ್ತಾಳೆ. ನಮ್ಮ ಓಣಿಯ ಕಾಕು ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ, “ಆ ಮನೆಯಲ್ಲಿ ಎರಡು ದಿನದಿಂದ ರೊಟ್ಟಿ ಬಡಿಯುವ ಸದ್ದಿಲ್ಲ, ಏನೋ ಆಗಿದೆ” ಎನ್ನುತ್ತಿದ್ದರು. ಆಗಿರುತ್ತಿತ್ತು. ಇಂಥವರ ಜೊತೆ ಎಷ್ಟು ಸಲವಾದರೂ ಕೂರಬಹುದು. ಆದರೆ ಮೊದಲ ಓದು ಒಂದೇ ಸಲ. ನನ್ನಿಂದ ಕಿತ್ತುಕೊಂಡದ್ದು ಅದನ್ನು.

ಅವ್ವ ಆಸ್ಪತ್ರೆಯಲ್ಲಿದ್ದ 11 ರಾತ್ರಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪೊಯ್ರೊನ ಕಥೆಗಳನ್ನೇ ಓದಿದೆ. ಏನು ಕೇಳಿದರೂ ವೈದ್ಯರು “ನೋಡೋಣ” ಎನ್ನುತ್ತಿದ್ದರು. ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಆ ಮೀಸೆಯವನು ಉತ್ತರ ಹೇಳಿಯೇ ಹೇಳುತ್ತಾನೆ ಎಂಬ ನಂಬಿಕೆಯಲ್ಲಿ ಬೆಳಗು ಮಾಡಿದ್ದೇನೆ. ಆ ಪುಸ್ತಕದಲ್ಲಿ ಯಾರಾದರೂ ‘ಇವನೇ’ ಎಂದು ಬರೆದಿದ್ದರೆ?

ತಪ್ಪು ನಾನೂ ಮಾಡಿದ್ದೇನೆ. ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪನ ಟ್ರಂಕಿನಲ್ಲಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಯೊಂದರ ಅಂತ್ಯವನ್ನು ಜಗಳದ ಸಿಟ್ಟಿನಲ್ಲಿ ತಮ್ಮನಿಗೆ ಹೇಳಿಬಿಟ್ಟೆ. ಅವನು ಆ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಆದರೂ ಓದು ಬಿಟ್ಟಿಲ್ಲ. ಈಗ ಪುಟ 112ರಲ್ಲಿದ್ದೇನೆ. ಪುಟ 96ರಲ್ಲಿ ಬೇರೊಂದು ಹೆಸರಿನ ಕೆಳಗೆ ಅದೇ ಶಾಯಿಯ ಗೆರೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ! ಹಾಗಾದರೆ ‘ಇವನೇ’ ಎಂದದ್ದು ಓದಿ ಮುಗಿಸಿದ ಮೇಲಲ್ಲ, ಬರೀ ಅನುಮಾನದಿಂದ ಇರಬಹುದೇ? ಹೋದ ಜೀವ ಬಂದಂತಾಗಿದೆ. ಪುಸ್ತಕದ ಹೆಸರು ಹೇಳುವುದಿಲ್ಲ. ಊಹಿಸಿದವರು ದಯವಿಟ್ಟು ಇಲ್ಲಿ ಏನೂ ಬರೆಯಬೇಡಿ, ಕೈ ಮುಗಿಯುತ್ತೇನೆ.