ಸತ್ತ ಮೇಲೆ ಶುರುವಾದ ಕಾಲ್‌ಶೀಟ್

ಕಡಿಮೆ ಬಜೆಟ್ಟಿನ ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾಕ್ಕೆ ಹೆಚ್ಚೇನೂ ಬೇಡ. ನಾಲ್ಕು ಬಾಡಿಗೆ ಕುದುರೆ, ಒಂದು ಬೋಳು ಗುಡ್ಡ, ಓಡುವವನ ತಲೆಗೊಂದು ಬೆಲೆ, ಆ ಬೆಲೆಗಾಗಿ ಬೆನ್ನಟ್ಟುವ ಒಂದಿಷ್ಟು ಜನ. ಗುಡ್ಡ ಒಂದೇ ಆದ್ದರಿಂದ ಎಲ್ಲರೂ ಅದನ್ನೇ ಸುತ್ತುತ್ತಾರೆ. ಇಷ್ಟು ಉಳಿಸಿದರೂ ನಿರ್ಮಾಪಕರ ಗೋಳು ತಪ್ಪುವುದಿಲ್ಲ: ಹೀರೋ ಸಂಭಾವನೆ. ಅದಕ್ಕೂ ಅಮೆರಿಕ ಒಂದು ದಾರಿ ಕಂಡುಕೊಂಡಿತ್ತು. ಹೆಸರು ಎಲ್ಮರ್ ಮೆಕರ್ಡಿ.

ಈತನಿಗೆ ದರೋಡೆ ಕಸುಬು ಒಲಿಯಲೇ ಇಲ್ಲ. 1911ರಲ್ಲಿ ಒಕ್ಲಹೋಮಾದ ಒಂದು ರೈಲಿನ ತಿಜೋರಿಗೆ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ಇಟ್ಟ. ಸ್ವಲ್ಪ ಜಾಸ್ತಿಯೇ ಇಟ್ಟ. ಬೆಳ್ಳಿ ನಾಣ್ಯಗಳು ಕರಗಿ ತಿಜೋರಿಗೇ ಅಂಟಿಕೊಂಡವು. ಆಮೇಲೆ ಕಾನ್ಸಾಸಿನ ಬ್ಯಾಂಕೊಂದರಲ್ಲಿ ಸಿಡಿಸಿದಾಗ ಕೋಣೆಯ ಬಾಗಿಲು ಹಾರಿ ಬ್ಯಾಂಕೆಲ್ಲ ಪುಡಿಪುಡಿ. ತಿಜೋರಿ ಮಾತ್ರ ಅಲ್ಲಾಡಲಿಲ್ಲ. ಅಕ್ಟೋಬರಿನಲ್ಲಿ ಓಸೇಜ್ ಎಂಬ ಮೂಲನಿವಾಸಿ ಜನರ ಹಣ ಹೊತ್ತ ರೈಲು ಹಿಡಿಯಲು ಹೋಗಿ ಬೇರೆ ರೈಲು ನಿಲ್ಲಿಸಿದ. ಸಿಕ್ಕಿದ್ದು 46 ಡಾಲರ್, ಜೊತೆಗೆ ವಿಸ್ಕಿ.

ಅವನ ತಲೆಗೆ ಕಟ್ಟಿದ ಬೆಲೆ 2,000 ಡಾಲರ್! ಮೂಗಿಗಿಂತ ಮೂಗುತಿ ಭಾರ ಅಲ್ವಾ? ಅದರಲ್ಲಿ ಕಾಲು ಭಾಗ ಅವನ ಕೈಗೇ ಕೊಟ್ಟಿದ್ದರೂ ಸಾಕಿತ್ತು, ಸುಮ್ನೆ ಮನೆಗೆ ಹೋಗುತ್ತಿದ್ದ. ಕೊಡಲಿಲ್ಲ. ನಾಯಿ ಬಿಟ್ಟು ಹುಡುಕಿ, ಗುಂಡು ಹೊಡೆದರು.

ಬೇರೆಯವರ ಕಥೆ ಇಲ್ಲಿಗೆ ಮುಗಿಯುತ್ತದೆ. ಇವನ ಮಾರ್ಕೆಟ್ ಶುರುವಾಗಿದ್ದೇ ಇಲ್ಲಿಂದ.

ಪಾಹಸ್ಕಾ ಊರಿನಲ್ಲಿ ಶವಸಂಸ್ಕಾರದ ಅಂಗಡಿಯವನು ಆರ್ಸೆನಿಕ್ ತುಂಬಿ ಹೆಣ ಕೆಡದಂತೆ ಮಾಡಿದ. ಕೇಳುವವರು ಬರಲಿಲ್ಲ, ಬಿಲ್ ಬಾಕಿ. ಕೈಗೊಂದು ಬಂದೂಕು ಕೊಟ್ಟು ಮೂಲೆಯಲ್ಲಿ ನಿಲ್ಲಿಸಿ ಐದು ಸೆಂಟ್ ಟಿಕೆಟ್ ಇಟ್ಟ. ಜನ ಬಂದರು! ಬದುಕಿದ್ದಾಗ ರೈಲು ನಿಲ್ಲಿಸಿದರೂ ಸಿಗದ ಕಲೆಕ್ಷನ್ ಈಗ ನಿಂತಲ್ಲೇ ಆಯಿತು. 1916ರಲ್ಲಿ 'ನಾನು ಇವನ ಅಣ್ಣ' ಎನ್ನುತ್ತಾ ಒಬ್ಬ ಬಂದು ಹೆಣ ಒಯ್ದ. ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಜಾತ್ರೆ ಪ್ರದರ್ಶನದವನು.

ಆಮೇಲೆ ಬಿಡುವೇ ಇಲ್ಲ. 1933ರಲ್ಲಿ ಮಾದಕವಸ್ತುವಿನ ಬಗ್ಗೆ ಬಂದ ಒಂದು ಅಗ್ಗದ ಸಿನಿಮಾದ ಪ್ರಚಾರಕ್ಕೆ ಥಿಯೇಟರ್ ಬಾಗಿಲಲ್ಲಿ 'ವ್ಯಸನಿಯ ಹೆಣ'ವಾಗಿ ನಿಂತ. ಮೈ ಸೊರಗಿದ್ದು ಪಾತ್ರಕ್ಕೆ ಅನುಕೂಲವೇ ಆಯಿತು. 1967ರಲ್ಲಿ ತೆರೆಕಂಡ ಇನ್ನೊಂದು ಅಗ್ಗದ ಚಿತ್ರದಲ್ಲಿ ಪುಟ್ಟ ಪಾತ್ರ. ರೀಟೇಕ್ ತಿಂದ ದಾಖಲೆಯಿಲ್ಲ, ಕ್ಯಾರವಾನ್ ಕೇಳಿದ ದಾಖಲೆಯೂ ಇಲ್ಲ.

1976ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಮನರಂಜನಾ ಪಾರ್ಕಿನ ಮೋಜಿನ ಮನೆಯೊಂದರಲ್ಲಿ ಟಿವಿ ಧಾರಾವಾಹಿಯ ಶೂಟಿಂಗ್. ಬಣ್ಣ ಬಳಿದು ನೇತುಹಾಕಿದ್ದ ಬೊಂಬೆಯನ್ನು ಯಾರೋ ಸರಿಸಿದರು. ತೋಳು ಕಿತ್ತು ಬಂತು. ಒಳಗೆ ಮೂಳೆ!

ಪರೀಕ್ಷೆ ಮಾಡಿದಾಗ ಬಾಯೊಳಗೆ 1924ರ ಒಂದು ಸೆಂಟ್ ನಾಣ್ಯ, ಅಪರಾಧ ಮ್ಯೂಸಿಯಮ್ಮಿನ ಟಿಕೆಟ್ ಚೂರು ಸಿಕ್ಕಿದವು. ಅಷ್ಟು ವರ್ಷದ ದುಡಿಮೆಗೆ ಕಲಾವಿದನ ಬಾಯಿಗೆ ಬಿದ್ದ ಸಂಭಾವನೆ ಅದು.

1977ರ ಏಪ್ರಿಲಿನಲ್ಲಿ ಒಕ್ಲಹೋಮಾದ ಗಥ್ರಿಯಲ್ಲಿ ಅವನನ್ನು ಮಣ್ಣು ಮಾಡಿದರು. ಈ ಸಲ ಟಿಕೆಟ್ ಇಡಲಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಕಾಂಕ್ರೀಟ್ ಸುರಿದರು, ಇನ್ನೊಬ್ಬ ಅಣ್ಣ ಬರಬಾರದಲ್ಲ.