ಎಡಚ ಮಗುಗೆ ಬಲಗೈಲೇ ಬರೆಸಬೇಕಾ? ಚೀನಾದ ಕತೆ, ಪರ-ವಿರೋಧ

ಪರ

ನಾನೂ ಎಡಚನೇ, ಆದ್ರೂ ಮೊದ್ಲು ಎಡಚ ಮಗುಗೆ ಬಲಗೈಲಿ ಬರೆಸೋ ಚೀನೀ ಅಪ್ಪ-ಅಮ್ಮಂದಿರ ಪರವಾಗೇ ಮಾತಾಡ್ತೀನಿ, ಯಾಕಂದ್ರೆ ನಮ್ಮಲ್ಲಿ ಎಡಗೈ ಬೇಡ ಅನ್ನೋ ಕಾರಣಾನೇ ಬೇರೆ, ಅಲ್ಲಿಯ ಕಾರಣಾನೇ ಬೇರೆ. ನಮಗೆ ಎಡಗೈ ಅಂದ್ರೆ ತೊಳ್ಕೊಳ್ಳೋ ಕೈ, ಅದ್ರಲ್ಲಿ ಪ್ರಸಾದ ತಗೊಳ್ಳೋಕೆ ಹೋದ್ರೆ ನಮ್ಮಜ್ಜಿ ಪಟ್ ಅಂತ ಒಂದು ಬಿಡೋರು. ಅಲ್ಲಿ ಊಟ ಚಾಪ್‌ಸ್ಟಿಕ್‌ನಲ್ಲಿ, ಮೈಲಿಗೆ ಮಾತು ಅಷ್ಟಾಗಿ ಬರಲ್ಲ, ಜಗಳ ಏನಿದ್ರೂ ಅಕ್ಷರದ ಜೊತೆ.

ಚೀನೀ ಅಕ್ಷರಕ್ಕೆ ಗೀಟಿನ ಕ್ರಮ ಅಂತ ಒಂದಿದೆ. ಅಡ್ಡಗೀಟು ಎಡದಿಂದ ಬಲಕ್ಕೆ, ಮೇಲಿನದಾದ ಮೇಲೆ ಕೆಳಗಿನದು, ಎಡಭಾಗ ಆದ್ಮೇಲೇ ಬಲಭಾಗ. ಬಲಗೈಲಿ ಬ್ರಷ್ ಹಿಡಿದೋನು ಅಡ್ಡಗೀಟನ್ನ ಎಳೀತಾನೆ, ಎಡಗೈಯೋನು ಅದನ್ನೇ ತಳ್ಳಬೇಕು, ಮೆತ್ತನೆ ಕೂದಲಿನ ಬ್ರಷ್‌ನ ಒಂದ್ಸಲ ತಳ್ಳಿ ನೋಡಿ, ಕೆದರಿ ಪೊರಕೆ ಥರ ಆಗತ್ತೆ. 'ಯೋಂಗ್' (ಶಾಶ್ವತ ಅಂತ ಅರ್ಥ) ಅನ್ನೋ ಒಂದೇ ಅಕ್ಷರದಲ್ಲಿ ಎಂಟು ಥರದ ಗೀಟು ಸಿಗತ್ತೆ ಅಂತ ಕ್ಯಾಲಿಗ್ರಫಿ ಕಲಿಯೋರು ಅದನ್ನೇ ತಿದ್ದಿ ತಿದ್ದಿ ಕಲೀತಾರೆ, ಆ ಕೊಕ್ಕೆ, ಬಾಲ ಎಲ್ಲ ಬಲಗೈ ಮಣಿಕಟ್ಟು ತಿರುಗೋ ರೀತಿಗೆ ತಕ್ಕಂತೇ ಇರೋದು. ಸಾವಿರಾರು ಅಕ್ಷರ ಕಲೀಬೇಕು, ಅದು ಬಾಯಿಪಾಠ ಅಲ್ಲ ಕೈಪಾಠ. ಹೀಗಿರುವಾಗ ಚಿಕ್ಕೋನಿದ್ದಾಗ್ಲೇ ಕೈ ಬದಲಾಯಿಸ್ಬಿಡೋಣ ಅನ್ನೋ ಅಮ್ಮನ್ನ ಕ್ರೂರಿ ಅನ್ನೋಕಾಗಲ್ಲ.

ಇದು ನಿನ್ನೆ ಮೊನ್ನೆಯ ರೂಲ್ಸೂ ಅಲ್ಲ, ಲೀಜಿ ಅನ್ನೋ ಹಳೇ ಆಚಾರಗ್ರಂಥದಲ್ಲೇ ಮಗು ತಾನೇ ತಿನ್ನೋ ಹಾಗಾದಾಗ ಬಲಗೈ ಬಳಸೋದು ಕಲಿಸಿ ಅಂತಿದೆ. ದುಂಡು ಟೇಬಲ್ ಸುತ್ತ ಒತ್ತೊತ್ತಾಗಿ ಕೂತಾಗ ಒಬ್ಬ ಎಡಚ ಇದ್ರೆ ಪಕ್ಕದೋರ ಮೊಣಕೈಗೆ ಗುದ್ದಾಟಾನೇ. ಆಟದಲ್ಲಿ ಮಾತ್ರ ಈ ಕಾಟ ಇಲ್ಲ ನೋಡಿ, ಬ್ಯಾಡ್ಮಿಂಟನ್‌ನ ಲಿನ್ ಡಾನ್ ಎಡಗೈಲೇ 2008, 2012 ಎರಡೂ ಒಲಿಂಪಿಕ್ ಚಿನ್ನ ಹೊಡ್ದ, ಟೇಬಲ್ ಟೆನಿಸ್‌ನ ಡಿಂಗ್ ನಿಂಗ್ 2016ರಲ್ಲಿ ಗೆದ್ದಿದ್ದೂ ಎಡಗೈಲೇ. ಅಂದ್ರೆ ದ್ವೇಷ ಕೈ ಮೇಲಲ್ಲ.

ವಿರೋಧ

ಇಷ್ಟೆಲ್ಲ ಬರೆದ ಮೇಲೂ ನನಗೆ ಗಂಟಲಲ್ಲಿ ಇಳೀತಿಲ್ಲ. 1976ರಲ್ಲಿ ತೈವಾನ್‌ನ ಒಂದು ಸ್ಟಡಿ ಬಂತು, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನ ಕೇಳಿದ್ರು, ಎಡಗೈಲಿ ಬರೆಯೋರು ನೂರಕ್ಕೆ ಒಬ್ರೂ ಸಿಗಲಿಲ್ಲ. ಪ್ರಪಂಚದಲ್ಲಿ ಸುಮಾರು ಹತ್ತರಲ್ಲಿ ಒಬ್ರು ಎಡಚರು ಅಂತಾರಲ್ಲ, ಮಿಕ್ಕೋರೆಲ್ಲ ಎಲ್ಲೋದ್ರು? ಎಲ್ಲೂ ಹೋಗಿಲ್ಲ, ಪೆನ್ಸಿಲ್ ಕೈ ಬದಲಾಯ್ತು ಅಷ್ಟೇ.

ತಮಾಷೆ ಏನಂದ್ರೆ ಎಡಕ್ಕೆ ಚೀನಾದಲ್ಲಿ ಇದ್ದಷ್ಟು ಮರ್ಯಾದೆ ನಮ್ಮಲ್ಲೂ ಇಲ್ಲ. ನಮ್ಮ ಭಾಷೇಲಿ ಬಲ ಅಂದ್ರೇನೇ ಶಕ್ತಿ, ಎಡಕ್ಕೆ ಸಿಕ್ಕಿದ್ದು ಎಡವಟ್ಟು! ಅಲ್ಲಿ ಚಕ್ರವರ್ತಿ ದಕ್ಷಿಣಕ್ಕೆ ಮುಖ ಮಾಡಿ ಕೂರ್ತಿದ್ದ, ಎಡಕ್ಕೆ ಪೂರ್ವ, ಸೂರ್ಯ ಹುಟ್ಟೋ ದಿಕ್ಕು, ಅದಕ್ಕೇ ಬೀಜಿಂಗ್ ಅರಮನೆ ಮುಂದೆ ಎಡಕ್ಕೆ ಪೂರ್ವಜರ ಗುಡಿ, ಬಲಕ್ಕೆ ಭೂಮಿ-ಧಾನ್ಯದ ವೇದಿಕೆ. ನಮ್ಮ ಅರ್ಧನಾರೀಶ್ವರನಲ್ಲಿ ಎಡ ಹೆಣ್ಣಿಗಾದ್ರೆ ಅಲ್ಲಿ ಎಡ ಗಂಡಿಗೆ. ಶುಭಕಾರ್ಯಕ್ಕೆ ಎಡ, ಅಶುಭಕ್ಕೆ ಬಲ ಅಂತ ಚೀನಾದ ಹಳೇ ತತ್ವಜ್ಞಾನಿ ಲಾವೋತ್ಸೆನೇ ಹೇಳಿದಾನೆ. ಗಂಡಸರು ಕೈ ಜೋಡಿಸಿ ನಮಸ್ಕಾರ ಮಾಡುವಾಗ್ಲೂ ಬಲಗೈ ಮೇಲೆ ಎಡಗೈ ಮುಚ್ಚೋದು. ಬೈಗುಳ ಇಲ್ಲ ಅಂತಲ್ಲ, ಅಧಿಕಾರಿಗೆ ಡಿಮೋಷನ್ ಆದ್ರೆ 'ಎಡಕ್ಕೆ ಸರಿಸಿದ್ರು' ಅನ್ನೋರು, ಅಡ್ಡದಾರಿ ಪಂಥಗಳಿಗೆ 'ಎಡದಾರಿ' ಅಂತ ಹೆಸರು. ಆದ್ರೂ ಸಂಸ್ಕೃತಿ ಸಂಸ್ಕೃತಿ ಅಂತ ಮಗು ಕೈ ಹಿಡಿಯೋರು ಯಾವ ಸಂಸ್ಕೃತಿ ಬಗ್ಗೆ ಹೇಳ್ತಿದಾರೆ ಅಂತ ಒಂದ್ಸಲ ನೋಡ್ಕೋಬೇಕು.

ಇನ್ನು ಬ್ರಷ್‌ನ ವಾದ. ಹಿಂದೆ ಮೇಲಿಂದ ಕೆಳಕ್ಕೆ ಬರೆದು ಸಾಲುಗಳು ಬಲದಿಂದ ಎಡಕ್ಕೆ ಬರ್ತಿದ್ವು, ಅದ್ರಲ್ಲಿ ಎಡಚನಿಗೆ ಇಂಕ್ ಮೆತ್ಕೊಳ್ಳೋ ಭಯಾನೇ ಇಲ್ಲ, ಕಷ್ಟ ಬಲಗೈಯೋನಿಗೇ. ಪೀಪಲ್ಸ್ ಡೈಲಿ ಪತ್ರಿಕೆ 1956ರ ಜನವರಿ 1ಕ್ಕೆ ಅಡ್ಡಸಾಲಿಗೆ ತಿರುಗ್ತು, ಅಷ್ಟು ದೊಡ್ಡ ಬದಲಾವಣೆನೇ ಜನ ಅರಗಿಸ್ಕೊಂಡ್ರು. ಈಗಂತೂ ಫೋನ್‌ನಲ್ಲಿ ಎರಡು ಹೆಬ್ಬೆರಳಲ್ಲಿ ಪಿನ್‌ಯಿನ್ (ಚೀನೀ ಉಚ್ಚಾರನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು) ಟೈಪ್ ಮಾಡೋ ಕಾಲ.

ಮತ್ತೆ ಎಡಗೈಲಿ ಚೆನ್ನಾಗಿ ಬರಲ್ಲ ಅನ್ನೋರು ಚೀನೀ ಕಲಾವಿದ ಗಾವೋ ಫೆಂಗ್‌ಹಾನ್‌ನ ನೋಡ್ಲಿ. 1737ರಲ್ಲಿ ಅವನ ಬಲಗೈ ಸ್ವಾಧೀನ ತಪ್ಪಿತು, ವಯಸ್ಸು ಐವತ್ತು ದಾಟಿತ್ತು, ಎಡಗೈಲೇ ಬರೆದು ಚಿತ್ರ ಬಿಡಿಸಿ 'ಶಾಂಗ್‌ಜುವೋ ಶೆಂಗ್', ಅಂದ್ರೆ ಎಡವನ್ನ ಗೌರವಿಸೋನು ಅಂತ ತನಗೆ ತಾನೇ ಹೆಸರಿಟ್ಕೊಂಡ. ಇಪ್ಪತ್ತನೇ ಶತಮಾನದ ಫೇ ಶಿನ್‌ವೋ ಕೂಡ ಬಲಗೈ ಕೆಟ್ಟ ಮೇಲೆ ಎಡಗೈ ಕ್ಯಾಲಿಗ್ರಫಿಯಿಂದಲೇ ಫೇಮಸ್ ಆದ್ರು. ಇಬ್ರನ್ನೂ ಜನ ಭೇಷ್ ಅಂದ್ರು, ಆದ್ರೆ ಇಬ್ರೂ ಹುಟ್ಟು ಎಡಚರಲ್ಲ, ಬಲಗೈ ಹೋದ್ಮೇಲೆ ಎಡಕ್ಕೆ ಬಂದೋರು. ಹುಟ್ಟಿಂದ್ಲೇ ಎಡಗೈ ಚಾಚೋ ಮಗುಗೆ ಮಾತ್ರ ಆ ಭೇಷ್ ಇಲ್ಲ, ಪೆನ್ಸಿಲ್ ಕಿತ್ತು ಈಚೆ ಕೈಗೆ ತುರುಕ್ತಾರೆ.